ಬೆನ್ನಿನ ನೀರಿನಲ್ಲಿ ಮಿದುಳಿನ ಸಮಾಚಾರ

‘ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಬೇಕು’ ಎಂದು ವೈದ್ಯರು ಹೇಳಿದೊಡನೆ ನಮ್ಮ ಮನೆಗಳಲ್ಲಿ ಎಲ್ಲರ ಮುಖವೂ ಬಾಡುತ್ತದೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡವರಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆಂಬ ಮಾತು ಊರೂರಿನಲ್ಲಿಯೂ ಕೇಳಿಬರುತ್ತದೆ. ಆ ಭಯಕ್ಕೆ ಕಾರಣ ಬಹಳ ಅಲ್ಪವೆಂಬುದನ್ನು ಮುಂದೆ ನೋಡುವಿರಿ. ಆದರೆ ಭಯದ ಗದ್ದಲದಲ್ಲಿ ನಾವು ಕೇಳದೆ ಬಿಡುವ ಪ್ರಶ್ನೆಯೊಂದುಂಟು: ಆ ನೀರಿನಲ್ಲಿ ವೈದ್ಯರು ಹುಡುಕುವುದಾದರೂ ಏನನ್ನು? ಮಿದುಳಿನ ಕಾಯಿಲೆಗೆ ಸೊಂಟದ ನೀರಿನಲ್ಲಿ ಸಾಕ್ಷಿ ಸಿಕ್ಕೀತೆಂದು ಮೊದಲು ಯಾರಿಗೆ ಹೊಳೆಯಿತು? ಈ ಪ್ರಶ್ನೆಗಳ ಹಿಂದೆ ಸುಮಾರು ಇನ್ನೂರ ಅರವತ್ತು ವರ್ಷಗಳ ಚರಿತ್ರೆಯಿದೆ. ಅದರ ಕೊನೆಯ ಅಧ್ಯಾಯವು ನಿಮ್ಮ ಮನೆಯ ಔಷಧದ ಪೆಟ್ಟಿಗೆಗೂ ಸಂಬಂಧಿಸಿದ್ದು.

ಮಿದುಳು ತಲೆಬುರುಡೆಯೊಳಗೆ ಬರಿದೇ ಕುಳಿತಿಲ್ಲ. ಅದರ ಸುತ್ತಲೂ, ಅದರೊಳಗಿನ ಗೂಡುಗಳಲ್ಲಿಯೂ, ಅಲ್ಲಿಂದ ಕೆಳಗಿಳಿಯುವ ಬೆನ್ನುಹುರಿಯ ಸುತ್ತಲೂ ತಿಳಿಯಾದ ಒಂದು ದ್ರವ ತುಂಬಿಕೊಂಡಿದೆ. ಬೆಳೆದ ಮನುಷ್ಯನಲ್ಲಿ ಇದರ ಪ್ರಮಾಣ ಸುಮಾರು ೧೫೦ ಮಿಲಿಲೀಟರು, ಅಂದರೆ ಒಂದು ಸಾಧಾರಣ ಲೋಟದಷ್ಟು. ದಿನಕ್ಕೆ ಸುಮಾರು ೫೦೦ ಮಿಲಿಲೀಟರು ಹೊಸದಾಗಿ ಒಸರಿ, ಅಷ್ಟೇ ರಕ್ತಕ್ಕೆ ಸೇರಿಹೋಗುವುದರಿಂದ ದಿನಕ್ಕೆ ಮೂರು ನಾಲ್ಕು ಬಾರಿ ಇಡೀ ನೀರು ಬದಲಾದಂತಾಯಿತು. ಕೊಳಕ್ಕಿಂತ ಇದನ್ನು ಸಣ್ಣ ಹೊಳೆಯೆಂದೇ ಕರೆಯಬೇಕು. ಮಿದುಳಿನ ಮೇಲೆಯೇ ಹರಿದು ಬರುವ ಹೊಳೆಯಾದ್ದರಿಂದ ಮಿದುಳು ಹೊರಚೆಲ್ಲಿದ ಕಸವೂ ಸ್ವಲ್ಪಮಟ್ಟಿಗೆ ಇದರಲ್ಲಿ ಕೂಡಿರುತ್ತದೆ. ಊರಿನ ಕೆಳಗಿನ ತೊರೆಯ ನೀರನ್ನು ಬೊಗಸೆಯಲ್ಲಿ ತೆಗೆದು ನೋಡಿದರೆ ಮೇಲಿನ ಊರಿನಲ್ಲಿ ಬಣ್ಣಗಾರರಿದ್ದಾರೆಯೋ ಚಮ್ಮಾರರಿದ್ದಾರೆಯೋ ಹೇಳಬಹುದಲ್ಲವೆ, ಹಾಗೆ.

ಇಷ್ಟು ದೊಡ್ಡ ಸಂಗತಿ ಪ್ರಾಚೀನರ ಕಣ್ಣಿಗೆ ಸರಿಯಾಗಿ ಬೀಳಲಿಲ್ಲವೆಂಬುದು ಮೊದಲಿಗೆ ಆಶ್ಚರ್ಯವೆನಿಸುತ್ತದೆ. ಕಾರಣ ಬಹು ಸರಳವಾದದ್ದು. ಐರೋಪ್ಯ ಪಂಡಿತರು ಶವಚ್ಛೇದನಕ್ಕೆ ತೊಡಗುವಾಗ ಮೊದಲು ತಲೆಯನ್ನು ಕತ್ತರಿಸಿ ಬೇರೆ ಮಾಡುತ್ತಿದ್ದರು. ಕುತ್ತಿಗೆ ಕತ್ತರಿಸಿದೊಡನೆ ನೀರು ಸೋರಿಹೋಗುತ್ತಿತ್ತು. ಉಳಿದದ್ದು ಬರಿದಾದ ಗೂಡುಗಳು. ಆ ಬರಿಯ ಗೂಡುಗಳಲ್ಲಿ ಜೀವಾತ್ಮದ ಸೂಕ್ಷ್ಮವಾಯು ಸಂಚರಿಸುತ್ತದೆಂದು ಗೇಲನ್ನನ ಕಾಲದಿಂದ ಹೇಳುತ್ತ ಬಂದರು. ನೀರನ್ನು ತಾವೇ ಚೆಲ್ಲಿ, ಖಾಲಿಯಾದ ಜಾಗಕ್ಕೆ ತತ್ತ್ವವನ್ನು ತುಂಬಿದರು!

೧೭೬೪ರಲ್ಲಿ ನೇಪಲ್ಸ್ ನಗರದ ಡೊಮೆನಿಕೊ ಕೊತುನ್ಯೊ ಎಂಬ ವೈದ್ಯನು ಈ ಕ್ರಮವನ್ನು ತಿರುಗಿಸಿದನು. ಆಗ ಆತನಿಗೆ ಇಪ್ಪತ್ತೆಂಟು ವರ್ಷ. ಸೊಂಟದಿಂದ ಕಾಲಿಗೆ ಹರಿಯುವ ನರದ ನೋವನ್ನು ಕುರಿತು ಗ್ರಂಥವೊಂದನ್ನು ಬರೆಯುತ್ತಿದ್ದ ಅವನು ತಲೆಯನ್ನು ಮುಟ್ಟದೆ, ಶವದ ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಕೊಳವೆಯನ್ನು ಬಿಡಿಸಿ ನೋಡಿದ. ನೀರು ಹರಿದುಬಂತು. ಹಿಂದಿನವರು ಇದನ್ನೇಕೆ ಕಾಣಲಿಲ್ಲವೆಂಬುದನ್ನೂ ಅವನೇ ವಿವರಿಸಿದ. ಅದೇ ಗ್ರಂಥದಲ್ಲಿ ಒಬ್ಬ ರೋಗಿಯ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿತೆಂದೂ ದಾಖಲೆಯಿದೆ. ದೇಹದ ನೀರುಗಳನ್ನು ಕಾಯಿಸಿ ಸೋಸಿ ರೋಗವನ್ನು ಓದುವ ವಿದ್ಯೆಗೆ ಇದು ಒಂದು ಆದಿ. ಇವನಿಗಿಂತ ಇಪ್ಪತ್ತು ವರ್ಷ ಮೊದಲೇ ಸ್ವೀಡನ್ನಿನ ಇಮ್ಯಾನುಯೆಲ್ ಸ್ವೀಡನ್‌ಬೋರ್ಗ್ ಎಂಬ ಗಣಿಶಾಸ್ತ್ರಜ್ಞ ಈ ದ್ರವವನ್ನು ವರ್ಣಿಸಿ ಬರೆದಿಟ್ಟಿದ್ದ. ಆದರೆ ಹಸ್ತಪ್ರತಿ ಅಚ್ಚಾದದ್ದು ೧೮೮೦ರ ದಶಕದಲ್ಲಿ. ಓಲೆಗರಿಯ ಕಟ್ಟುಗಳಲ್ಲಿ ಏನೇನು ಮಲಗಿದೆಯೋ ಎಂದು ಚಿಂತಿಸುವ ನಮ್ಮಂಥ ಪಂಡಿತವರ್ಗಕ್ಕೆ ಇಂಥ ಸಂಗತಿ ಚೆನ್ನಾಗಿ ಅರ್ಥವಾಗುತ್ತದೆ.

ಕೊತುನ್ಯೊವಿನ ಮಾತಿಗೂ ಅರ್ಧ ಶತಮಾನಕ್ಕೆ ಮೀರಿ ಯಾರೂ ಕಿವಿಗೊಡಲಿಲ್ಲ. ೧೮೨೫ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಮಾಜಾಂದಿ ಜೀವಂತ ಪ್ರಾಣಿಗಳಲ್ಲಿಯೂ ಈ ನೀರಿರುವುದನ್ನು ತೋರಿಸಿ, ತಲೆಗೂ ಬೆನ್ನಿಗೂ ಸೇರಿದ ದ್ರವವೆಂಬ ಹೆಸರನ್ನು ಕೊಟ್ಟ ಮೇಲೆ ವಿದ್ವಾಂಸರು ಒಪ್ಪಿದರು. ಮಾಜಾಂದಿಯ ಪ್ರಾಣಿಪ್ರಯೋಗಗಳ ಕ್ರೌರ್ಯವನ್ನು ಅವನ ಕಾಲದವರೇ, ಮುಖ್ಯವಾಗಿ ಇಂಗ್ಲೆಂಡಿನವರು, ಖಂಡಿಸಿದ್ದರು. ಅದನ್ನು ಮರೆಮಾಡಿ ಚರಿತ್ರೆ ಹೇಳುವುದು ನ್ಯಾಯವಲ್ಲ.

ಇನ್ನು ಬದುಕಿರುವ ಮನುಷ್ಯನಿಂದ ನೀರು ತೆಗೆಯುವ ಮಾತು. ಲಂಡನ್ನಿನ ವಾಲ್ಟರ್ ಎಸೆಕ್ಸ್ ವಿಂಟರ್ ಎಂಬ ವೈದ್ಯ ಕ್ಷಯದಿಂದ ಮಿದುಳುಪೊರೆ ಊದಿಕೊಂಡಿದ್ದ ನಾಲ್ವರಿಗೆ ಬೆನ್ನಿನಲ್ಲಿ ಕೊಳವೆ ಇಟ್ಟು ಒತ್ತಡ ಇಳಿಸಲು ಯತ್ನಿಸಿದ್ದನ್ನು ೧೮೯೧ರಲ್ಲಿ ಪ್ರಕಟಿಸಿದ. ನಾಲ್ವರೂ ಉಳಿಯಲಿಲ್ಲ. ಅದೇ ೧೮೯೧ರಲ್ಲಿ ಜರ್ಮನಿಯ ಕೀಲ್ ಪಟ್ಟಣದ ಹೈನ್ರಿಖ್ ಕ್ವಿಂಕೆ, ಕತ್ತರಿಸದೆ, ಬರಿಯ ಟೊಳ್ಳು ಸೂಜಿಯಿಂದ ಆ ಕೆಲಸ ಮಾಡಬಹುದೆಂದು ವೈದ್ಯರ ಸಮ್ಮೇಲನದಲ್ಲಿ ತೋರಿಸಿಕೊಟ್ಟ. ತಲೆಯಲ್ಲಿ ನೀರು ತುಂಬಿದ ಮಕ್ಕಳಿಗೆ ಉಪಶಮನ ಕೊಡುವುದು ಅವನ ಮೊದಲ ಉದ್ದೇಶವಾಗಿತ್ತು. ಸೂಜಿಗೆ ಅವನು ಆರಿಸಿದ ಜಾಗ ಸೊಂಟದ ಮೂರನೆಯ ಮತ್ತು ನಾಲ್ಕನೆಯ ಮಣಿಗಳ ನಡುವಣ ಸಂದು. ಬೆಳೆದವರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿಯೇ ಮುಗಿಯುತ್ತದೆ. ಅದರ ಕೆಳಗೆ ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ. ಅವು ಸೂಜಿಯ ಮೊನೆಗೆ ಸಾಧಾರಣವಾಗಿ ಪಕ್ಕಕ್ಕೆ ಸರಿಯುತ್ತವೆ. ಸೂಜಿಯಿಂದ ಹುರಿ ಕಡಿದುಹೋಗುವುದೆಂಬ ಭಯಕ್ಕೆ ಆಸ್ಪದ ಕಡಮೆಯೆಂದು ನಾನು ಮೊದಲು ಹೇಳಿದ್ದು ಇದರಿಂದ. ಕೆಲವರಿಗೆ ಒಂದೆರಡು ದಿನ ತಲೆನೋವು ಬರುವುದುಂಟು. ಅದು ಬೇರೆ ಮಾತು. ಕ್ವಿಂಕೆ ಒತ್ತಡವನ್ನು ಅಳೆದ, ಪ್ರೋಟೀನನ್ನೂ ಸಕ್ಕರೆಯನ್ನೂ ಅಳೆದ. ಒಂದು ತಲೆಮಾರಿನೊಳಗೆ ಮಿದುಳುಪೊರೆಯ ಜ್ವರಕ್ಕೂ ಸಿಫಿಲಿಸ್ಸಿಗೂ ಈ ನೀರೇ ಮುಖ್ಯ ಸಾಕ್ಷಿಯಾಯಿತು.

ಆದರೆ ಮಿದುಳಿಗೆ ಹೊರಗಿನಿಂದ ಶತ್ರು ನುಗ್ಗದೆ, ಮಿದುಳೇ ಒಳಗಿಂದೊಳಗೆ ಸವೆಯುವ ರೋಗಗಳಿವೆ. ೧೮೧೭ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್ ಆರು ಜನ ರೋಗಿಗಳನ್ನು ಆಧಾರವಾಗಿಟ್ಟು ನಡುಕವಾಯುವನ್ನು ವರ್ಣಿಸಿದ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡು ಮಾತನಾಡಿಸಿದ್ದಷ್ಟೆ. ನಮ್ಮ ಆಯುರ್ವೇದದಲ್ಲಿ ಕಂಪವಾತವೆಂಬ ಮಾತು ಹಿಂದಿನಿಂದ ಇದೆ. ಪ್ಯಾರಿಸ್ಸಿನ ಶಾರ್ಕೋ ೧೮೬೯ರಿಂದ ಮುಂದಕ್ಕೆ, ಮಾಂಸಖಂಡಗಳಿಗೆ ಆಜ್ಞೆ ಕೊಡುವ ನರಕೋಶಗಳು ಸಾಯುವ ಇನ್ನೊಂದು ರೋಗವನ್ನು ಬೇರೆ ಮಾಡಿ ತೋರಿಸಿದ. ಇದನ್ನು ಈಗ ಎ.ಎಲ್.ಎಸ್. ಎನ್ನುತ್ತಾರೆ. ಕೈ ಬೀಳುತ್ತದೆ, ಕಾಲು ಬೀಳುತ್ತದೆ, ನಾಲಗೆ ಬೀಳುತ್ತದೆ. ಬುದ್ಧಿಯು ಬಹುಮಂದಿಯಲ್ಲಿ ಎಚ್ಚರವಾಗಿಯೇ ಉಳಿದು ಎಲ್ಲವನ್ನೂ ನೋಡುತ್ತಿರುತ್ತದೆ. ೧೯೦೧ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಐವತ್ತೊಂದು ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಅಲೋಯ್ಸ್ ಅಲ್‌ಜೈಮರ್ ಎಂಬ ವೈದ್ಯ ಆಕೆಯನ್ನು ಪರೀಕ್ಷಿಸಿದ. ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಗಳ ಹೊರಗೆ ಗಂಟುಗಳನ್ನೂ ಒಳಗೆ ಸಿಕ್ಕುಗಟ್ಟಿದ ನಾರುಗಳನ್ನೂ ಕಂಡ. ಆಕೆಗೆ ಐವತ್ತೊಂದೇ ವರ್ಷವೆಂಬುದನ್ನು ಗಮನಿಸಿ. ‘ಅರವತ್ತಕ್ಕೆ ಅರಳುಮರಳು’ ಎಂದು ನಾವು ವಯಸ್ಸಿನ ಸಹಜ ಗುಣವಾಗಿ ತಳ್ಳಿಹಾಕುವುದು ಎಷ್ಟೋ ವೇಳೆ ಸಹಜವಲ್ಲ, ರೋಗ.

ಈ ಮೂರು ರೋಗಗಳಲ್ಲಿಯೂ ಕೋಶಗಳು ಸಾಯುವುದೇಕೆ? ಇಲ್ಲಿ ಕಥೆ ಬೇರೊಂದು ದಾರಿಯಿಂದ ಬರಬೇಕು. ಆ ದಾರಿಯ ನಾಯಕ ಆಮ್ಲಜನಕ.

ಆಮ್ಲಜನಕವನ್ನು ಪ್ರಾಣವಾಯುವೆಂದು ಹೊಗಳುವುದು ರೂಢಿ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ, ಎಣ್ಣೆಗೆ ಕಮಟು ಬರಿಸುವುದೂ ಅದೇ. ಬದನೆಕಾಯಿಯನ್ನು ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಗಳಿಗೆಯೊಳಗೆ ಕಪ್ಪಾಗುವುದೂ ಅದರ ಕೃತ್ಯವೇ. ಈ ಕ್ರಿಯೆಗೆ ನಮ್ಮ ಪಠ್ಯಪುಸ್ತಕಗಳು ‘ಉತ್ಕರ್ಷಣ’ವೆಂಬ ಮಾತನ್ನಿಟ್ಟಿವೆ. ಉತ್ಕರ್ಷವೆಂದರೆ ಏಳಿಗೆ, ಅಭ್ಯುದಯ. ತುಕ್ಕು ಹಿಡಿಯುವುದಕ್ಕೆ ಏಳಿಗೆಯ ಹೆಸರಿಟ್ಟ ಪುಣ್ಯಾತ್ಮರು ಯಾರೋ! ವ್ಯಾಕರಣದ ದೃಷ್ಟಿಯಿಂದ ಸಾಧುವಾದರೂ ಕೇಳಿದವರಿಗೆ ಹಾನಿಯ ಭಾವ ಬರುವುದಿಲ್ಲ. ಆದರೂ ಮಾತು ಬೇರೂರಿದೆ. ಅದನ್ನೇ ಬಳಸುತ್ತೇನೆ.

೧೮೭೮ರಲ್ಲಿ ಫ್ರಾನ್ಸಿನ ಪಾಲ್ ಬೇರ್ ಎಂಬವನು ಹೆಚ್ಚು ಒತ್ತಡದ ಆಮ್ಲಜನಕದಲ್ಲಿಟ್ಟ ಪ್ರಾಣಿಗಳಿಗೆ ಸೆಳವು ಬಂದು ಸಾಯುವುದನ್ನು ಪ್ರಕಟಿಸಿದ್ದ. ಪ್ರಾಣವಾಯು ಹೆಚ್ಚಾದಾಗ ಏಟು ಬಿದ್ದದ್ದು ಮಿದುಳಿಗೆ. ಆದರೆ ಏಕೆಂಬುದು ತಿಳಿಯಲಿಲ್ಲ. ೧೯೦೦ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಮೋಸೆಸ್ ಗೋಂಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನುಳ್ಳ ಅಣುವೊಂದನ್ನು ಕಂಡುಹಿಡಿದ. ಎಲೆಕ್ಟ್ರಾನುಗಳು ದಂಪತಿಗಳಂತೆ ಜೋಡಿಯಾಗಿರುವುದು ಸಾಮಾನ್ಯ. ಒಂಟಿಯಾದದ್ದು ನೆರೆಮನೆಯ ಜೋಡಿಯನ್ನು ಒಡೆದು ತನ್ನ ಕೊರತೆ ತುಂಬಿಕೊಳ್ಳುತ್ತದೆ. ಒಡೆದ ಮನೆ ಮತ್ತೊಂದನ್ನು ಒಡೆಯುತ್ತದೆ. ಇಂಥವಕ್ಕೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ೧೯೫೪ರಲ್ಲಿ ಅರ್ಜೆಂಟೀನದಿಂದ ಬಂದು ಅಮೆರಿಕದ ರೋಚೆಸ್ಟರಿನಲ್ಲಿ ಕೆಲಸ ಮಾಡುತ್ತಿದ್ದ ರೆಬೆಕಾ ಗೆರ್ಷ್‌ಮನ್ ಎಂಬಾಕೆ ತಮ್ಮ ಸಂಗಡಿಗರೊಡನೆ, ಎಕ್ಸ್‌ರೇ ಕಿರಣದ ಹಾನಿಗೂ ಆಮ್ಲಜನಕದ ವಿಷಕ್ಕೂ ಮೂಲ ಒಂದೇ, ಈ ಒಂಟಿ ಎಲೆಕ್ಟ್ರಾನಿನ ಪುಂಡರೇ ಎಂದು ವಾದಿಸಿದರು. ೧೯೫೬ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಇನ್ನೂ ಮುಂದೆ ಹೋಗಿ, ಮುಪ್ಪೆಂಬುದೇ ಈ ಪುಂಡರು ಒಡಲಿನಲ್ಲಿ ದಿನದಿನವೂ ಮಾಡುವ ಹಾನಿಯ ಮೊತ್ತವೆಂದ. ಹಾರ್ಮನ್ ವೈದ್ಯನಾಗುವ ಮೊದಲು ಎಣ್ಣೆ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದವನು. ಎಣ್ಣೆ ಕೆಡುವ ರೀತಿ ಬಲ್ಲವನಿಗೆ ದೇಹ ಕೆಡುವ ರೀತಿ ಹೊಳೆಯಿತೆಂದರೆ ತಪ್ಪಲ್ಲ. ಮೊದಲಿಗೆ ಕೇಳಿದವರು ಕಡಮೆ. ಅವನೋ ತೊಂಬತ್ತೆಂಟು ವರ್ಷ ಬಾಳಿ ೨೦೧೪ರಲ್ಲಿ ತೀರಿಕೊಂಡ.

ಕೇಳುವವರನ್ನು ತಂದುಕೊಟ್ಟದ್ದು ಒಂದು ನೀಲಿ ಹಸಿರು ಪ್ರೋಟೀನು. ೧೯೩೮ರಲ್ಲಿ ಕೇಂಬ್ರಿಜ್ಜಿನ ಮ್ಯಾನ್ ಮತ್ತು ಕೈಲಿನ್ ಎತ್ತಿನ ರಕ್ತದಿಂದ ತಾಮ್ರವುಳ್ಳ ಪ್ರೋಟೀನೊಂದನ್ನು ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ತಿಳಿಯದೆ, ತಾಮ್ರವನ್ನು ಕೂಡಿಡುವ ಉಗ್ರಾಣವಿರಬೇಕೆಂದು ಮೂವತ್ತು ವರ್ಷ ಭಾವಿಸಿದ್ದಾಯಿತು. ೧೯೬೯ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಜೋ ಮೆಕ್‌ಕಾರ್ಡ್ ಎಂಬ ವಿದ್ಯಾರ್ಥಿಯೂ ಅವನ ಗುರು ಇರ್ವಿನ್ ಫ್ರಿಡೋವಿಚ್ಚನೂ ಅದು ಉಗ್ರಾಣವಲ್ಲ, ಕಾವಲುಗಾರನೆಂದು ತೋರಿಸಿದರು. ಆಮ್ಲಜನಕ ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಹೊತ್ತು ಸೂಪರ್‌ಆಕ್ಸೈಡ್ ಆದಾಗ ಅದನ್ನು ಹಿಡಿದು ಶಾಂತಗೊಳಿಸುವ ಕಿಣ್ವವಿದು. ಇದಕ್ಕೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಚಿಕ್ಕದಾಗಿ ಎಸ್.ಒ.ಡಿ., ಎಂದು ಹೆಸರಿಟ್ಟರು. ಒಡಲಿನಲ್ಲಿ ಕಾವಲುಗಾರನಿದ್ದಾನೆಂದರೆ ಕಳ್ಳನೂ ನಿಜವೇ ತಾನೆ? ಹಾರ್ಮನ್ನನ ಮಾತಿಗೆ ಒಮ್ಮೆಗೇ ಬೆಲೆ ಬಂತು.

ಮಿದುಳಿಗೂ ಇದಕ್ಕೂ ಸಂಬಂಧವೇನೆಂದು ಕೇಳುವಿರಿ. ಮಿದುಳಿನ ತೂಕ ಮೈತೂಕದ ನೂರಕ್ಕೆ ೨ ಭಾಗ. ಆದರೆ ಅದು ಉಪಯೋಗಿಸುವ ಆಮ್ಲಜನಕ ನೂರಕ್ಕೆ ೨೦ ಭಾಗ. ಮಿದುಳಿನ ಜಿಡ್ಡಿನಲ್ಲಿ ಬೇಗ ಕಮಟು ಹಿಡಿಯುವ ಜಾತಿಯೇ ಹೆಚ್ಚು. ಅದರ ಕೆಲವು ಭಾಗಗಳಲ್ಲಿ ಕಬ್ಬಿಣದ ಅಂಶವೂ ಸಾಕಷ್ಟಿದೆ. ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದು ಅಪರೂಪ. ಪಾರ್ಕಿನ್‌ಸನ್ನನ ರೋಗದಲ್ಲಿ ಸಾಯುವ ಕೋಶಗಳಂತೂ ಡೋಪಮೀನ್ ಎಂಬ ವಸ್ತುವನ್ನು ತಯಾರಿಸುವಂಥವು. ಡೋಪಮೀನು ತಾನಾಗಿಯೇ ಉತ್ಕರ್ಷಣಗೊಂಡು ಕಪ್ಪಾಗುವ ಸ್ವಭಾವದ್ದು. ಹೆಚ್ಚಿಟ್ಟ ಬದನೆಕಾಯಿಯ ಕಪ್ಪಿಗೂ ಮಿದುಳಿನ ಆ ಭಾಗದ ಕಪ್ಪಿಗೂ ರಸಾಯನಶಾಸ್ತ್ರದಲ್ಲಿ ದಾಯಾದಿ ಸಂಬಂಧವುಂಟು. ಈ ಡೋಪಮೀನಿನ ತಾಯಿವಸ್ತುವಾದ ಎಲ್-ಡೋಪವನ್ನು ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ೧೯೩೭ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಬೇರ್ಪಡಿಸಿದ್ದರು. ಮೈಗೆ ತಾಗಿದರೆ ತುರಿಕೆಯಿಂದ ಕುಣಿಸುವ ಆ ನಸುಗುನ್ನಿಯೇ! ಎಲ್-ಡೋಪ ನಡುಕವಾಯುವಿಗೆ ಔಷಧವಾಗಬಹುದೆಂದು ವಿಯೆನ್ನದ ವೈದ್ಯರು ತೋರಿಸಿದ್ದು ೧೯೬೧ರಲ್ಲಿ.

ಈಗ ಎರಡು ದಾರಿಗಳೂ ಕೂಡಿದವು. ಮಿದುಳು ತುಕ್ಕು ಹಿಡಿಯುತ್ತಿರುವುದು ನಿಜವಾದರೆ ಆ ತುಕ್ಕಿನ ಪುಡಿ ಬೆನ್ನಿನ ನೀರಿನಲ್ಲಿ ಸಿಗಬೇಕು. ಪುಂಡರನ್ನೇ ಹಿಡಿಯುವುದು ಆಗದ ಮಾತು. ಅವು ಹುಟ್ಟಿದ ಕ್ಷಣದಲ್ಲಿಯೇ ಮಾಯವಾಗುತ್ತವೆ. ಅವು ಒಡೆದುಹಾಕಿದ ಪಾತ್ರೆಗಳ ಚೂರನ್ನು ಹುಡುಕಬೇಕು. ಮೊದಲಿಗೆ ಇದ್ದ ಪರೀಕ್ಷೆ ೧೯೪೦ರ ದಶಕದ್ದು. ಕಮಟು ಹಿಡಿದ ಜಿಡ್ಡಿಗೆ ಒಂದು ಆಮ್ಲವನ್ನು ಸೇರಿಸಿ ಕಾಯಿಸಿದರೆ ನಸುಗೆಂಪು ಬಣ್ಣ ಬರುತ್ತದೆ. ಆದರೆ ಸಕ್ಕರೆಯಂಥ ಬೇರೆ ವಸ್ತುಗಳೂ ಆ ಬಣ್ಣವನ್ನೇ ಕೊಡುತ್ತಿದ್ದವು. ಇದನ್ನು ನಂಬಿ ಬರೆದ ಲೇಖನಗಳಿಗೆ ಲೆಕ್ಕವಿಲ್ಲ. ಬೆಲೆ ಎಷ್ಟೆಂಬುದು ಬೇರೆ ಮಾತು.

೧೯೮೪ರಲ್ಲಿ ಜಪಾನಿನ ಕಸಾಯ್ ಮತ್ತು ನಿಷಿಮುರ, ಆನುವಂಶಿಕ ದ್ರವ್ಯವಾದ ಡಿ.ಎನ್.ಎ.ಗೆ ಉತ್ಕರ್ಷಣ ತಗಲಿದಾಗ ಅದರ ಒಂದು ಅಕ್ಷರ ಹೇಗೆ ತಿದ್ದಿಹೋಗುತ್ತದೆಂದು ತೋರಿಸಿದರು. ಕೋಶವು ಆ ಕೆಟ್ಟ ಅಕ್ಷರವನ್ನು ಕಿತ್ತು ಹೊರಗೆಸೆಯುತ್ತದೆ. ಅದು ಮೂತ್ರದಲ್ಲಿಯೂ ಬೆನ್ನಿನ ನೀರಿನಲ್ಲಿಯೂ ಸಿಗುತ್ತದೆ. ೧೯೯೦ರಲ್ಲಿ ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮೊರೊ ಮತ್ತು ರಾಬರ್ಟ್ಸ್ ಇನ್ನೊಂದು ಚೂರನ್ನು ಕಂಡರು. ಅವರು ಬೇರೇನನ್ನೋ ಅಳೆಯಲು ಶೀತಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದ ರಕ್ತದ್ರವದಲ್ಲಿ, ಇರಬಾರದಷ್ಟು ಪ್ರಮಾಣದಲ್ಲಿ ಅಪರಿಚಿತ ವಸ್ತುಗಳು ಹುಟ್ಟಿಕೊಂಡಿದ್ದವು. ಮಾದರಿ ಕೆಟ್ಟಿತೆಂದು ಚೆಲ್ಲದೆ ವಿಚಾರ ಮಾಡಿದಾಗ, ಯಾವ ಕಿಣ್ವದ ನೆರವೂ ಇಲ್ಲದೆ ಜಿಡ್ಡು ಉತ್ಕರ್ಷಣಗೊಂಡು ಆದ ವಸ್ತುಗಳವು ಎಂದು ತಿಳಿಯಿತು. ಅವಕ್ಕೆ ಐಸೊಪ್ರಾಸ್ಟೇನ್ ಎಂದು ಹೆಸರು. ಅಂಥವು ಬದುಕಿರುವ ಮೈಯಲ್ಲಿಯೂ ಹುಟ್ಟುತ್ತವೆ. ನಸುಗೆಂಪು ಬಣ್ಣದ ಪರೀಕ್ಷೆಗಿಂತ ನೂರು ಪಾಲು ನಂಬಬಹುದಾದ ಸಾಕ್ಷಿ ದೊರಕಿತು. ಜೊತೆಯಲ್ಲಿಯೇ ಒಂದು ಎಚ್ಚರಿಕೆಯೂ ದೊರಕಿತು: ತೆಗೆದ ದ್ರವವನ್ನು ಸರಿಯಾದ ಶೀತದಲ್ಲಿ ಇಡದೆ ಹೋದರೆ ಸೀಸೆಯಲ್ಲಿಯೇ ತುಕ್ಕು ಹುಟ್ಟಿ, ರೋಗಿಯ ಮಿದುಳಿನ ಮೇಲೆ ಅಪವಾದ ಬರುತ್ತದೆ.

೧೯೯೯ರಲ್ಲಿ ಅಲ್‌ಜೈಮರ್ ರೋಗದ ಮೊದಲ ಘಟ್ಟದಲ್ಲಿದ್ದವರ ಬೆನ್ನಿನ ನೀರಿನಲ್ಲಿ ಈ ಐಸೊಪ್ರಾಸ್ಟೇನು ಆರೋಗ್ಯವಂತರಿಗಿಂತ ಹೆಚ್ಚಾಗಿದೆಯೆಂದು ಥಾಮಸ್ ಮಾಂಟೈನ್ ಮತ್ತು ಸಂಗಡಿಗರು ಪ್ರಕಟಿಸಿದರು. ೨೦೦೨ರ ವೇಳೆಗೆ ಮರೆವು ಆಗತಾನೆ ತಲೆದೋರಿದವರಲ್ಲಿಯೂ ಅದು ಏರಿರುವುದು ಕಂಡುಬಂತು. ಎ.ಎಲ್.ಎಸ್. ರೋಗಿಗಳ ಬೆನ್ನಿನ ನೀರಿನಲ್ಲಿ ಜಿಡ್ಡಿನ ಚೂರೂ ಡಿ.ಎನ್.ಎ.ಯ ಚೂರೂ ಹೆಚ್ಚಿವೆಯೆಂದು ಅದೇ ಕಾಲದಲ್ಲಿ ವರದಿಗಳು ಬಂದವು. ತುಕ್ಕು ಹಿಡಿಯುವುದು ರೋಗದ ಕೊನೆಯ ಅವಸ್ಥೆಯಲ್ಲ, ಮೊದಲಿನಿಂದಲೇ ಜೊತೆಗಿದೆ. ಇಷ್ಟು ಸಾಕ್ಷಿ ಬಂದ ಮೇಲೆ ಮದ್ದೇನೆಂದು ಹೇಳಲು ಪಂಡಿತರೇ ಬೇಕೆ? ತುಕ್ಕು ತಡೆಯುವ ಜೀವಸತ್ತ್ವಗಳನ್ನು, ಮುಖ್ಯವಾಗಿ ಇ ಜೀವಸತ್ತ್ವವನ್ನು, ಕೊಟ್ಟರಾಯಿತು.

ಹಾಗೆಂದು ಅಮೆರಿಕದವರು ಮಾಂಟೈನ್ ಬರೆಯುವುದಕ್ಕೂ ಮೊದಲೇ ಪ್ರಯತ್ನಿಸಿದ್ದರು. ೧೯೮೭ರಲ್ಲಿ ಪಾರ್ಕಿನ್‌ಸನ್ ರೋಗದ ಆರಂಭದಲ್ಲಿದ್ದ ೮೦೦ ಮಂದಿಯನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ನಡೆಯಿತು. ಕೆಲವರಿಗೆ ದಿನಕ್ಕೆ ೨೦೦೦ ಯೂನಿಟ್ಟು ಇ ಜೀವಸತ್ತ್ವ. ೧೯೯೩ರಲ್ಲಿ ಫಲ ಹೊರಬಿತ್ತು: ಇ ಜೀವಸತ್ತ್ವದಿಂದ ಏನೂ ಪ್ರಯೋಜನವಿಲ್ಲ. ಅಲ್‌ಜೈಮರ್ ರೋಗದಲ್ಲಿ ೧೯೯೭ರ ಪ್ರಯೋಗವೊಂದು ೩೪೧ ರೋಗಿಗಳ ಮೇಲೆ ನಡೆದು, ಇ ಜೀವಸತ್ತ್ವ ತೆಗೆದುಕೊಂಡವರು ಪರಾಧೀನರಾಗುವುದು ಕೆಲವು ತಿಂಗಳು ತಡವಾಯಿತೆಂದಿತು. ನೆನಪು ಮಾತ್ರ ಸುಧಾರಿಸಲಿಲ್ಲ. ೨೦೦೫ರಲ್ಲಿ, ರೋಗಕ್ಕೆ ಮೊದಲಿನ ಮರೆವಿನಲ್ಲಿರುವವರಿಗೆ ಕೊಟ್ಟು ನೋಡಿದಾಗ ರೋಗ ಬರುವುದು ತಪ್ಪಲಿಲ್ಲ. ೨೦೧೪ರಲ್ಲಿ ಮತ್ತೆ ಸ್ವಲ್ಪ ಉಪಯೋಗ ಕಂಡಿತು. ತಕ್ಕಡಿ ಒಮ್ಮೆ ಅತ್ತ, ಒಮ್ಮೆ ಇತ್ತ.

ಇವೆಲ್ಲದರಲ್ಲಿ ೨೦೧೨ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೊಂದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಏಕೆಂದರೆ ಇತರರು ಮಾತ್ರೆ ಕೊಟ್ಟು ಹೊರಗಿನ ಗುಣವನ್ನು ಮಾತ್ರ ನೋಡಿದರೆ, ಇವರು ಬೆನ್ನಿನ ನೀರನ್ನೂ ಮೊದಲೊಮ್ಮೆ ಕೊನೆಗೊಮ್ಮೆ ತೆಗೆದು ಅಳೆದರು. ಅಲ್‌ಜೈಮರ್ ರೋಗದ ೭೮ ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಇ ಮತ್ತು ಸಿ ಜೀವಸತ್ತ್ವಗಳನ್ನೂ ಆಲ್ಫಾ ಲಿಪೋಯಿಕ್ ಆಮ್ಲವನ್ನೂ ಕೂಡಿಸಿ ೧೬ ವಾರ ಕೊಟ್ಟರು. ಆ ಗುಂಪಿನವರ ಬೆನ್ನಿನ ನೀರಿನಲ್ಲಿ ಐಸೊಪ್ರಾಸ್ಟೇನು ಸರಾಸರಿ ನೂರಕ್ಕೆ ೧೯ ಭಾಗ ಇಳಿಯಿತು. ಅಂದರೆ ಮದ್ದು ಮಿದುಳಿಗೆ ತಲುಪಿತು, ತುಕ್ಕನ್ನು ಕಡಮೆ ಮಾಡಿತು, ಅಂದುಕೊಂಡದ್ದೆಲ್ಲ ನಡೆಯಿತು. ಆದರೆ ಅಲ್‌ಜೈಮರ್ ರೋಗದ ನಿಜವಾದ ಗುರುತುಗಳಾದ ಆಮಿಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಲಿಲ್ಲ. ನೆನಪಿನ ಪರೀಕ್ಷೆಯ ಅಂಕಗಳೋ, ಮದ್ದು ತೆಗೆದುಕೊಂಡ ಆ ಗುಂಪಿನವರಲ್ಲಿಯೇ ಹೆಚ್ಚು ವೇಗವಾಗಿ ಕುಸಿದವು.

ಇದನ್ನು ಓದಿದ ಮೇಲೆ, ‘ಮಿದುಳಿಗೆ ತುಕ್ಕು ಹಿಡಿಯದಂತೆ ಕಾಪಾಡುವ’ ಮಾತ್ರೆಗಳ ಜಾಹೀರಾತನ್ನು ನೋಡಿ ಮಗನಿಂದಲೋ ಸೊಸೆಯಿಂದಲೋ ತರಿಸಿಕೊಳ್ಳುವ ಹಿರಿಯರು ವೈದ್ಯರನ್ನೊಮ್ಮೆ ಕೇಳುವುದು ಒಳ್ಳೆಯದು. ಕೆಲವು ಮನೆಗಳಲ್ಲಿ ಅಜ್ಜಿಯ ಹಾಲು ಹಣ್ಣಿನ ದುಡ್ಡು ಆ ಡಬ್ಬಿಗಳಿಗೆ ಹೋಗುತ್ತಿದೆ.

ಎಂಟುನೂರು ಮಂದಿಯ ಆ ಹಳೆಯ ಪ್ರಯೋಗಕ್ಕೂ ಒಂದು ಉಪಕಥೆಯುಂಟು. ಆಗ ತೆಗೆದ ರಕ್ತವನ್ನೂ ಬೆನ್ನಿನ ನೀರನ್ನೂ ಶೀತದಲ್ಲಿ ಜೋಪಾನ ಮಾಡಿದ್ದರು. ಇಪ್ಪತ್ತು ವರ್ಷಗಳ ಬಳಿಕ ಅದನ್ನು ತೆಗೆದು ನೋಡಿದಾಗ ಯೂರಿಕ್ ಆಮ್ಲ ಹೆಚ್ಚಾಗಿದ್ದವರಲ್ಲಿ ನಡುಕವಾಯು ನಿಧಾನವಾಗಿ ಬೆಳೆದಿತ್ತು. ೨೦೦೯ರ ಈ ಸುದ್ದಿ ಬಹಳ ಆಸೆ ಹುಟ್ಟಿಸಿತು. ಕೀಲುಗಳಲ್ಲಿ ಕೂತು ನೋವು ಕೊಡುವ ಯೂರಿಕ್ ಆಮ್ಲ ಉತ್ಕರ್ಷಣವನ್ನು ತಡೆಯುವ ವಸ್ತುವೂ ಹೌದು. ಹಾಗಾದರೆ ಅದನ್ನು ಬೇಕೆಂದೇ ಏರಿಸಿದರೆ? ೨೯೮ ಮಂದಿಗೆ ಔಷಧ ಕೊಟ್ಟು ಏರಿಸಿಯೂ ನೋಡಿದರು. ೨೦೨೧ರಲ್ಲಿ ಪ್ರಕಟವಾದ ಫಲ: ರೋಗದ ವೇಗ ಇಳಿಯಲಿಲ್ಲ, ಮೂತ್ರಪಿಂಡದ ಕಲ್ಲುಗಳು ಮಾತ್ರ ಹೆಚ್ಚಿದವು. ಜೊತೆಯಲ್ಲಿ ಇರುವುದು ಬೇರೆ, ಕಾರಣವಾಗಿರುವುದು ಬೇರೆ. ಕೋಳಿ ಕೂಗಿದಾಗ ಬೆಳಗಾಗುತ್ತದೆ, ಕೋಳಿ ಕೂಗಿದ್ದರಿಂದಲ್ಲ. ತರ್ಕಶಾಸ್ತ್ರದ ಮೊದಲನೆಯ ಪಾಠವಿದು. ಆದರೂ ಇದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಕಲಿಯಬೇಕಾಗಿದೆ.

ಹೀಗಾಗಿ ತುಕ್ಕಿನ ಗುರುತುಗಳು ಇಂದಿಗೂ ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಯಾಗಲಿಲ್ಲ. ರೋಗಿಗಳ ಅಂಕೆಗೂ ಆರೋಗ್ಯವಂತರ ಅಂಕೆಗೂ ನಡುವೆ ಗೆರೆ ಎಳೆಯುವುದು ಕಷ್ಟ. ಒಂದು ರೋಗವನ್ನು ಇನ್ನೊಂದರಿಂದ ಬೇರೆ ಮಾಡಲೂ ಅವು ನೆರವಾಗವು. ಅದೇ ನೀರಿನಲ್ಲಿ ಆಮಿಲಾಯ್ಡ್ ಮತ್ತು ಟೌ ಪ್ರೋಟೀನುಗಳನ್ನು ಅಳೆಯುವ ವಿದ್ಯೆ ೧೯೯೦ರ ದಶಕದಲ್ಲಿ ಮೊದಲಾಗಿ ಗಟ್ಟಿಯಾಗಿ ನಿಂತಿತು. ೨೦೨೨ರಲ್ಲಿ ಅಮೆರಿಕದ ಔಷಧ ಆಡಳಿತವು ಅಂಥ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ೨೦೨೫ರಲ್ಲಿ ರಕ್ತದಿಂದಲೇ ನೋಡುವ ಪರೀಕ್ಷೆಗೂ ಒಪ್ಪಿಗೆ ದೊರೆಯಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನೂ ಬೆನ್ನಿನ ದ್ರವದಂಥ ಮಾದರಿಗಳನ್ನೂ ಸಂಶೋಧನೆಗಾಗಿ ಕಾಪಾಡುವ ಮಿದುಳು ಭಂಡಾರವೊಂದು ೧೯೯೫ರಿಂದ ಇದೆ.

ಎಸ್.ಒ.ಡಿ. ಎಂಬ ಕಾವಲುಗಾರನನ್ನು ನಾವು ನಡುದಾರಿಯಲ್ಲಿ ಬಿಟ್ಟುಬಂದೆವು. ೧೯೯೩ರಲ್ಲಿ, ಎ.ಎಲ್.ಎಸ್. ವಂಶಪಾರಂಪರ್ಯವಾಗಿ ಬರುವ ಕೆಲವು ಮನೆತನಗಳನ್ನು ಶೋಧಿಸಿದಾಗ, ದೋಷವಿದ್ದದ್ದು ಈ ಕಾವಲುಗಾರನನ್ನು ತಯಾರಿಸುವ ಜೀನಿನಲ್ಲಿಯೇ. ಕಾವಲು ತಪ್ಪಿತು, ಕಳ್ಳ ನುಗ್ಗಿದ, ನರಕೋಶ ಸತ್ತಿತು ಎಂದು ಎಲ್ಲರೂ ಸುಲಭವಾಗಿ ಅರ್ಥಮಾಡಿದರು. ಅರ್ಥ ತಪ್ಪಾಗಿತ್ತು. ೧೯೯೪ರಲ್ಲಿ ಇಲಿಗಳಿಗೆ ಆ ದೋಷದ ಜೀನನ್ನು ಹೆಚ್ಚಾಗಿ ಸೇರಿಸಿದಾಗ, ಅವುಗಳ ಸ್ವಂತ ಒಳ್ಳೆಯ ಕಾವಲುಗಾರ ಹಾಗೆಯೇ ಇದ್ದರೂ ರೋಗ ಬಂತು. ೧೯೯೬ರಲ್ಲಿ ಕಾವಲುಗಾರನೇ ಇಲ್ಲದ ಇಲಿಗಳನ್ನು ಬೆಳೆಸಿದಾಗ ಈ ರೋಗ ಬರಲಿಲ್ಲ. ಕಾವಲುಗಾರ ಮಲಗಿದ್ದರಿಂದ ಕೇಡಾದದ್ದಲ್ಲ. ಮೈತಿರುಚಿದ ಪ್ರೋಟೀನಾಗಿ ಕಾವಲುಗಾರನೇ ಮನೆಯವರ ಮೇಲೆ ಬಿದ್ದಿದ್ದ. ಅವನಿಗೆ ಸಹಾಯ ಕಳಿಸುವುದರ ಬದಲು ಅವನ ಸಂಖ್ಯೆಯನ್ನೇ ಇಳಿಸಬೇಕಾಗಿತ್ತು.

ಈ ತಿಳಿವಳಿಕೆಯ ಮೇಲೆ ಟೋಫರ್ಸನ್ ಎಂಬ ಔಷಧ ತಯಾರಾಯಿತು. ಇದು ಆ ಜೀನಿನ ಆಜ್ಞಾಪತ್ರವನ್ನು ನಡುವೆಯೇ ತಡೆದು ಕೆಟ್ಟ ಪ್ರೋಟೀನಿನ ಉತ್ಪತ್ತಿಯನ್ನು ಇಳಿಸುತ್ತದೆ. ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೊದಲ ೨೮ ವಾರಗಳಲ್ಲಿ ರೋಗಿಗಳ ಶಕ್ತಿಯಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಬೆನ್ನಿನ ನೀರಿನಲ್ಲಿ ಆ ಪ್ರೋಟೀನು ಇಳಿದಿತ್ತು, ರಕ್ತದಲ್ಲಿ ನರಕೋಶದ ಸಾವಿನ ಗುರುತೂ ಇಳಿದಿತ್ತು. ಬೇಗ ಆರಂಭಿಸಿದವರಲ್ಲಿ ಮುಂದೆ ರೋಗದ ವೇಗ ತಗ್ಗಿದಂತೆಯೂ ಕಂಡಿತು. ಗುರುತಿನ ಇಳಿತವನ್ನು ಆಧಾರವಾಗಿಟ್ಟೇ ೨೦೨೩ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಷರತ್ತಿನ ಒಪ್ಪಿಗೆ ದೊರೆಯಿತು. ಎ.ಎಲ್.ಎಸ್. ರೋಗಿಗಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಮಾತ್ರ ಈ ಜೀನಿನ ದ್ರೋಹ. ಉಳಿದ ತೊಂಬತ್ತೆಂಟು ಮಂದಿಗೆ ಇದರಿಂದ ಉಪಯೋಗವಿಲ್ಲ.

ಆ ಔಷಧವನ್ನು ನುಂಗುವಂತಿಲ್ಲ, ರಕ್ತಕ್ಕೆ ಕೊಟ್ಟರೆ ಮಿದುಳಿಗೆ ತಲುಪುವುದಿಲ್ಲ. ರೋಗಿಯನ್ನು ಸೊಂಟ ಬಾಗಿಸಿ ಮಲಗಿಸಿ, ಬೆನ್ನಿನ ಮಣಿಗಳ ಸಂದಿನಲ್ಲಿ, ಕ್ವಿಂಕೆ ತೋರಿಸಿದ ದಾರಿಯಲ್ಲಿಯೇ ಸೂಜಿ ಹಾಕುತ್ತಾರೆ. ಮೊದಲ ಮೂರು ಬಾರಿ ಹದಿನಾಲ್ಕು ದಿನಕ್ಕೊಮ್ಮೆ, ಆಮೇಲೆ ಇಪ್ಪತ್ತೆಂಟು ದಿನಕ್ಕೊಮ್ಮೆ. ಪ್ರತಿ ಬಾರಿಯೂ ಮೊದಲು ಸುಮಾರು ೧೦ ಮಿಲಿಲೀಟರಷ್ಟು ತಿಳಿನೀರನ್ನು ಹೊರಗೆ ತೆಗೆದು, ಆಮೇಲೆ ೧೫ ಮಿಲಿಲೀಟರು ಔಷಧವನ್ನು ಒಂದರಿಂದ ಮೂರು ನಿಮಿಷಗಳಲ್ಲಿ ಮೆಲ್ಲಗೆ ಒಳಗೆ ಬಿಡುತ್ತಾರೆ.